ಮೂತ್ರಪಿಂಡ ರೋಗಿಗಳ ತಟ್ಟೆಯಲ್ಲಿ ಉಪ್ಪಿನಕಾಯಿ, ಹಪ್ಪಳ

ಮೂತ್ರಪಿಂಡದ ಕಾಯಿಲೆ ಇದೆಯೆಂದು ತಿಳಿದಾಗ ಆಸ್ಪತ್ರೆಯವರು ರೋಗಿಯ ಕೈಗೆ ಆಹಾರದ ಒಂದು ಪಟ್ಟಿಯನ್ನು ಕೊಡುವುದುಂಟು. ಅಂಥ ಪಟ್ಟಿಗಳಲ್ಲಿ ಅನೇಕವು ಪಾಶ್ಚಾತ್ಯ ದೇಶಗಳ ವೈದ್ಯಗ್ರಂಥಗಳನ್ನು ಅನುಸರಿಸಿ ಸಿದ್ಧವಾದವು. ಅವುಗಳಲ್ಲಿ ವರ್ಜಿಸಬೇಕಾದ ಪದಾರ್ಥಗಳ ಸಾಲಿನಲ್ಲಿ ಬೇಕನ್, ಹ್ಯಾಮ್, ಸಾಸೇಜ್, ಸಲಾಮಿ ಎಂಬ ಹೆಸರುಗಳಿರುತ್ತವೆ. ಇವೆಲ್ಲ ಉಪ್ಪು ಹಾಕಿ ಕೆಡದಂತೆ ಕಾಯ್ದಿಟ್ಟ ಮಾಂಸಗಳು. ಸಸ್ಯಾಹಾರಿ ಮನೆಯವರು ಆ ಸಾಲನ್ನು ಓದಿ, ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಪಟ್ಟಿಯನ್ನು ಮಡಿಚಿಡುತ್ತಾರೆ. ಅದೇ ದಿನ ಮಧ್ಯಾಹ್ನ ರೋಗಿಯ ತಟ್ಟೆಗೆ ಮಾವಿನ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಕರಿದ ಬಾಳಕದ ಮೆಣಸಿನಕಾಯಿ ಎಂದಿನಂತೆ ಬಂದು ಬೀಳುತ್ತವೆ.

ಹೀಗಾಗುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಔಷಧಿಯನ್ನು ಹೊತ್ತು ತಪ್ಪದೆ ಸೇವಿಸುತ್ತಾರೆ, ಪಲ್ಯ ಸಾರುಗಳಿಗೆ ಉಪ್ಪನ್ನು ಕಡಿಮೆ ಮಾಡಿರುತ್ತಾರೆ; ಆದರೂ ಕಾಲಿನ ಬಾವು ಇಳಿಯುವುದಿಲ್ಲ, ರಕ್ತದೊತ್ತಡ ಹತೋಟಿಗೆ ಬರುವುದಿಲ್ಲ. ಕಾರಣವನ್ನು ಹುಡುಕಿದರೆ ಅದು ಬಹಳ ಸಲ ಅಡಿಗೆಯ ಪಾತ್ರೆಯಲ್ಲಿರದೆ ಭರಣಿಯಲ್ಲಿರುತ್ತದೆ. ಕಾಯ್ದಿಟ್ಟ ಮಾಂಸವನ್ನು ಬಿಡಬೇಕೆಂಬ ಮಾತಿನ ಹಿಂದೆ ಯಾವ ಕಾರಣವಿದೆಯೋ ಅದರ ಬಹುಭಾಗ ನಮ್ಮ ಉಪ್ಪಿನಕಾಯಿ ಹಪ್ಪಳಗಳಿಗೂ ಅನ್ವಯಿಸುತ್ತದೆ. ಆ ಕಾರಣವನ್ನು ತಿಳಿದುಕೊಂಡರೆ ಪಟ್ಟಿಯಲ್ಲಿಲ್ಲದ ಪದಾರ್ಥವನ್ನೂ ನಾವೇ ತೂಗಿ ನೋಡಬಹುದು.

ಮೂತ್ರಪಿಂಡವೂ ಉಪ್ಪೂ

ನಮ್ಮ ಎರಡು ಮೂತ್ರಪಿಂಡಗಳಲ್ಲಿ ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವೆಲ್ಲ ಕೂಡಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ನಾವು ತಿಂದ ಉಪ್ಪಿನಲ್ಲಿ ದೇಹಕ್ಕೆ ಎಷ್ಟು ಬೇಕು, ಎಷ್ಟು ಬೇಡ ಎಂಬ ತೀರ್ಮಾನವೂ ಇಲ್ಲಿಯೇ ಆಗುತ್ತದೆ. ಆರೋಗ್ಯವಂತರು ಒಂದು ದಿನ ಹಬ್ಬದೂಟದಲ್ಲಿ ಉಪ್ಪನ್ನು ಹೆಚ್ಚು ತಿಂದರೂ ಮೂತ್ರಪಿಂಡಗಳು ಹೆಚ್ಚಿನದನ್ನು ಹೊರಹಾಕಿ ಸರಿದೂಗಿಸಿಬಿಡುತ್ತವೆ.

ಮಧುಮೇಹ, ರಕ್ತದೊತ್ತಡ ಮೊದಲಾದ ಕಾರಣಗಳಿಂದ ಈ ಶೋಧಕಗಳು ಒಂದೊಂದಾಗಿ ನಾಶವಾಗುತ್ತ ಹೋದಾಗ ಆ ಶಕ್ತಿ ಕುಂದುತ್ತದೆ. ಮೂತ್ರಪಿಂಡದ ದೋಷ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲೀನ ಮೂತ್ರಪಿಂಡ ರೋಗವೆಂದು ಕರೆಯುತ್ತಾರೆ. ರಕ್ತಪರೀಕ್ಷೆಯ ವರದಿಯಲ್ಲಿ ‘ಇ-ಜಿಎಫ್ಆರ್’ ಎಂದು ಬರೆದಿರುವ ಅಂಕಿ ಸೋಸುವ ಶಕ್ತಿಯ ಅಳತೆ. ಅದು 60ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ರೋಗವಿದೆಯೆಂದೂ, 15ಕ್ಕಿಂತ ಕೆಳಗಿಳಿದರೆ ಕೊನೆಯ ಹಂತವೆಂದೂ ಎಣಿಸುತ್ತಾರೆ.

ಹೊರಹೋಗದೆ ಉಳಿದ ಉಪ್ಪು ತನ್ನೊಡನೆ ನೀರನ್ನೂ ಹಿಡಿದಿಡುತ್ತದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಏರಿಸುವ ಸಲೈನ್ ಬಾಟಲಿಯನ್ನು ಎಲ್ಲರೂ ನೋಡಿದ್ದೇವೆ. ಅದರ ಒಂದು ಲೀಟರ್ ನೀರಿನಲ್ಲಿ ಇರುವುದು 9 ಗ್ರಾಂ ಉಪ್ಪು. ದೇಹದೊಳಗಿನ ಲೆಕ್ಕವೂ ಹೆಚ್ಚುಕಡಿಮೆ ಅದೇ. ಒಂಬತ್ತು ಗ್ರಾಂ ಉಪ್ಪು ಹೆಚ್ಚಾಗಿ ಉಳಿದರೆ ಒಂದು ಲೀಟರಿನಷ್ಟು ನೀರೂ ಉಳಿಯುತ್ತದೆ. ಇದರಿಂದ ಕಾಲು, ಮುಖ ಬಾಯುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಶ್ರಮ ಹೆಚ್ಚುತ್ತದೆ. ಅಳಿದುಳಿದ ಶೋಧಕಗಳ ಮೇಲಿನ ಒತ್ತಡವೂ ಹೆಚ್ಚಿ ಅವು ಬೇಗನೆ ಸವೆಯುತ್ತವೆ. ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನು ತಗ್ಗಿಸಲೆಂದು ವೈದ್ಯರು ಕೊಡುವ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್ ಮುಂತಾದ ಔಷಧಿಗಳು ಕೂಡ ಉಪ್ಪು ಹೆಚ್ಚಾದಾಗ ತಮ್ಮ ಪೂರ್ಣ ಫಲವನ್ನು ಕೊಡುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗಂತೂ ಉಪ್ಪು ಬಾಯಾರಿಕೆಯನ್ನು ತರುತ್ತದೆ, ಬಾಯಾರಿಕೆ ನೀರನ್ನು ಕುಡಿಸುತ್ತದೆ. ನೀರು ಕಡಿಮೆ ಕುಡಿಯಿರೆಂದು ಎಷ್ಟು ಹೇಳಿದರೂ ಉಪ್ಪನ್ನು ಕಡಿಮೆ ಮಾಡದ ಹೊರತು ಅದು ಸಾಧ್ಯವಾಗುವ ಮಾತಲ್ಲ.

ಭರಣಿಯ ಗುಟ್ಟು

ವಿದ್ಯುತ್ತೂ ಶೀತಕ ಪೆಟ್ಟಿಗೆಯೂ ಇಲ್ಲದ ಕಾಲದಲ್ಲಿ ಆಹಾರವನ್ನು ಕಾಯ್ದಿಡಲು ಮನುಷ್ಯ ಕಂಡುಕೊಂಡ ಉಪಾಯಗಳಲ್ಲಿ ಉಪ್ಪು ಮುಖ್ಯವಾದುದು. ಉಪ್ಪು ಪದಾರ್ಥದೊಳಗಿನ ನೀರನ್ನು ಹೊರಗೆ ಸೆಳೆಯುತ್ತದೆ. ಬೂಷ್ಟು, ಸೂಕ್ಷ್ಮಾಣುಗಳು ಬೆಳೆಯಲು ಬೇಕಾದ ನೀರು ಅವಕ್ಕೆ ದಕ್ಕದಂತೆ ಮಾಡುತ್ತದೆ. ಯುರೋಪಿನ ಚಳಿನಾಡುಗಳಲ್ಲಿ ಹಂದಿಯ ಮಾಂಸಕ್ಕೆ ಉಪ್ಪು ಸವರಿ ನೇತುಹಾಕಿದ್ದು ಯಾವ ಉದ್ದೇಶಕ್ಕೋ, ನಮ್ಮಲ್ಲಿ ಬೇಸಿಗೆಯ ಮಾವಿನಕಾಯಿಯನ್ನು ಉಪ್ಪಿನಲ್ಲಿ ಹಾಕಿಟ್ಟದ್ದೂ ಅದೇ ಉದ್ದೇಶಕ್ಕೆ. ವರ್ಷವಿಡೀ ಕೆಡದಿರಬೇಕಾದರೆ ಉಪ್ಪು ಧಾರಾಳವಾಗಿಯೇ ಇರಬೇಕು. ಮನೆಯ ಉಪ್ಪಿನಕಾಯಿಯಲ್ಲಿ ತೂಕಕ್ಕೆ ನೂರರಲ್ಲಿ 10ರಿಂದ 15 ಪಾಲು ಉಪ್ಪಿರುವುದು ಸಾಮಾನ್ಯ.

ಹಪ್ಪಳ, ಸಂಡಿಗೆ, ಬಾಳಕಗಳಲ್ಲಿ ಒಣಗಿಸುವ ಕೆಲಸವೂ ಸೇರುತ್ತದೆ. ಸಂಡಿಗೆಯ ಹಿಟ್ಟಿಗೆ ಉಪ್ಪನ್ನು ನಾಲಿಗೆಗೆ ಸಾಲದಷ್ಟೇ ಹಾಕಬೇಕೆಂದು ಹಿರಿಯ ತಾಯಂದಿರು ಹೇಳುವುದುಂಟು. ನೀರು ಆರಿ ಹೋದಾಗ ಉಪ್ಪು ಅಷ್ಟೇ ಉಳಿದು, ಸಂಡಿಗೆ ಉಪ್ಪಾಗುತ್ತದೆ ಎಂಬುದು ಅವರ ಅನುಭವ. ಬಾಳಕದ ಮೆಣಸಿನಕಾಯಿಯನ್ನಾದರೋ ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಮತ್ತೆ ಒಣಗಿಸಿ ಸಿದ್ಧಪಡಿಸುತ್ತಾರೆ. ಪ್ರತಿ ಸಲವೂ ಉಪ್ಪು ಅದರೊಳಗೆ ಸೇರುತ್ತ ಹೋಗುತ್ತದೆ.

ತಟ್ಟೆಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಮೂತ್ರಪಿಂಡ ರೋಗಿಗಳಿಗೆ ತಜ್ಞರು ಹಾಕಿಕೊಟ್ಟಿರುವ ಸಾಮಾನ್ಯ ಮಿತಿಯೂ ಇದೇ. ಇದು ಒಂದು ಚಹಾ ಚಮಚದಷ್ಟು. ಉಪ್ಪಿನಲ್ಲಿ ದೇಹಕ್ಕೆ ಭಾರವಾಗುವ ಅಂಶ ಮುಖ್ಯವಾಗಿ ಸೋಡಿಯಂ. ಉಪ್ಪಿನ ತೂಕದಲ್ಲಿ ಐದರಲ್ಲಿ ಎರಡು ಪಾಲು ಅದೇ. ಆದ್ದರಿಂದ 5 ಗ್ರಾಂ ಉಪ್ಪೆಂದರೆ 2 ಗ್ರಾಂ, ಅಂದರೆ 2000 ಮಿಲಿಗ್ರಾಂ ಸೋಡಿಯಂ.

ಈಗ ಒಂದು ದಿನದ ಊಟವನ್ನು ತೂಗಿ ನೋಡೋಣ. ಎರಡು ಹೊತ್ತಿನ ಊಟದಲ್ಲಿ ಒಂದೊಂದು ಚಮಚೆಯಂತೆ, ರಸವೂ ಹೋಳೂ ಸೇರಿ, 30 ಗ್ರಾಂ ಉಪ್ಪಿನಕಾಯಿ ಎಂದಿಟ್ಟುಕೊಂಡರೆ, ಕಡಿಮೆಯೆಂದರೂ ಅದರಲ್ಲಿ 3 ಗ್ರಾಂ ಉಪ್ಪಿದೆ. ಹತ್ತು ಗ್ರಾಂ ತೂಕದ ಎರಡು ಉದ್ದಿನ ಹಪ್ಪಳಗಳಿಂದ ಒಂದು ಗ್ರಾಮಿಗೆ ಹತ್ತಿರದಷ್ಟು ಉಪ್ಪಿಗೆ ಸಮನಾದ ಸೋಡಿಯಂ ಬರುತ್ತದೆ. ಅಲ್ಲಿಗೆ ಸುಮಾರು 4 ಗ್ರಾಂ ಆಯಿತು. ಸಾರು, ಪಲ್ಯ, ಚಟ್ನಿ, ಬೆಳಗಿನ ಉಪ್ಪಿಟ್ಟು, ಸಂಜೆಯ ಚೂಡಾ ಇವೆಲ್ಲಕ್ಕೂ ಉಳಿದದ್ದು ಒಂದೇ ಗ್ರಾಂ. ಸಾರಿನಲ್ಲಿ ಚಿಟಿಕೆ ಉಪ್ಪನ್ನು ಕಡಿಮೆ ಮಾಡಿ ಸಮಾಧಾನಪಟ್ಟುಕೊಳ್ಳುವವರು ಈ ಲೆಕ್ಕವನ್ನು ಅವಶ್ಯವಾಗಿ ಮಾಡಿ ನೋಡಬೇಕು.

ನಾಲಿಗೆಗೆ ಸಿಗದ ಸೋಡಿಯಂ

ಹಪ್ಪಳದ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಹಪ್ಪಳ ಹಗುರಾಗಿ ಅರಳಲೆಂದು ಹಿಟ್ಟಿಗೆ ಪಾಪಡಖಾರವನ್ನು ಬೆರೆಸುತ್ತಾರೆ. ಇದು ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳನ್ನೊಳಗೊಂಡ ಕ್ಷಾರ. ಇದಕ್ಕೆ ಉಪ್ಪಿನ ರುಚಿ ಇಲ್ಲ, ಸೋಡಿಯಂ ಮಾತ್ರ ಇದೆ. ಭಜಿ, ಬೋಂಡಾ, ದೋಸೆಗಳಿಗೆ ಹಾಕುವ ಅಡಿಗೆ ಸೋಡಾ ಕೂಡ ಇಂಥದೇ. ಅದರ ಒಂದು ಚಹಾ ಚಮಚದಲ್ಲಿ 1200 ಮಿಲಿಗ್ರಾಮಿಗೂ ಹೆಚ್ಚು ಸೋಡಿಯಂ ಇರುತ್ತದೆ. ‘ಉಪ್ಪಾಗಿಲ್ಲ, ಆದ್ದರಿಂದ ತಿನ್ನಬಹುದು’ ಎಂಬ ನಾಲಿಗೆಯ ತೀರ್ಪನ್ನು ಇಲ್ಲಿ ನಂಬುವಂತಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ರಕ್ತದಲ್ಲಿ ಆಮ್ಲ ಹೆಚ್ಚಾದ ಕೆಲವು ರೋಗಿಗಳಿಗೆ ವೈದ್ಯರೇ ಸೋಡಿಯಂ ಬೈಕಾರ್ಬೊನೇಟ್ ಮಾತ್ರೆಗಳನ್ನು ಕೊಟ್ಟಿರುತ್ತಾರೆ. ಈ ಲೇಖನವನ್ನು ಓದಿ ಯಾರೂ ಅವುಗಳನ್ನು ನಿಲ್ಲಿಸಬಾರದು. ಅದು ಅಳತೆ ನೋಡಿ ಕೊಟ್ಟ ಔಷಧಿ. ಹಪ್ಪಳದ ಖಾರ ಅಳತೆಯಿಲ್ಲದೆ ಬರುವಂಥದು.

ಕಾಯ್ದಿಟ್ಟ ಮಾಂಸದ ವಿಷಯ

ವಿದೇಶಗಳಲ್ಲಿ ನೆಲೆಸಿರುವ ನಮ್ಮ ಓದುಗರಿಗೂ, ಮಾಂಸಾಹಾರದ ರೂಢಿಯುಳ್ಳ ನೆರೆಹೊರೆಯವರಿಗೂ ಪ್ರಯೋಜನವಾಗಲೆಂದು ಇದನ್ನು ಬರೆಯುತ್ತಿದ್ದೇವೆ. ಬೇಕನ್, ಹ್ಯಾಮ್ ಮೊದಲಾದವುಗಳ ನೂರು ಗ್ರಾಮಿನಲ್ಲಿ ಸಾಮಾನ್ಯವಾಗಿ 1000ದಿಂದ 2000 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಉದ್ದಿನ ಹಪ್ಪಳದ ಸೋಡಿಯಂ ಕೂಡ ತೂಕಕ್ಕೆ ತೂಕ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿದೆ ಎಂಬುದನ್ನು ಗಮನಿಸಬೇಕು. ಮಾಂಸದಲ್ಲಿ ಇದರ ಮೇಲೆ ಇನ್ನೆರಡು ದೋಷಗಳಿವೆ. ಬಣ್ಣ ಕೆಡದಿರಲೆಂದೂ ಸೂಕ್ಷ್ಮಾಣುಗಳು ಬೆಳೆಯದಿರಲೆಂದೂ ಸೋಡಿಯಂ ನೈಟ್ರೈಟನ್ನು ಸೇರಿಸುತ್ತಾರೆ. ಇಂಥ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2015ರಲ್ಲಿ ಸೇರಿಸಿತು. ಎರಡನೆಯದು, ಮಾಂಸ ನೀರನ್ನು ಹಿಡಿದಿಟ್ಟುಕೊಂಡು ಮೃದುವಾಗಿರಲೆಂದು ಬೆರೆಸುವ ಫಾಸ್ಫೇಟ್ ಲವಣಗಳು.

ಫಾಸ್ಫೇಟಿನ ವಿಷಯ ಸಸ್ಯಾಹಾರಿಗಳಿಗೂ ಮುಖ್ಯವೇ. ರಂಜಕ ನಮ್ಮ ಬೇಳೆಕಾಳುಗಳಲ್ಲಿಯೂ ಇದೆ. ಆದರೆ ಅಲ್ಲಿ ಅದು ಫೈಟೇಟ್ ಎಂಬ ರೂಪದಲ್ಲಿರುವುದರಿಂದ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಭಾಗವಷ್ಟೇ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಕಾರ್ಖಾನೆಯಲ್ಲಿ ಬೆರೆಸಿದ ಫಾಸ್ಫೇಟ್ ಹಾಗಲ್ಲ. ಅದು ಬಹುಮಟ್ಟಿಗೆ ಪೂರ್ತಿಯಾಗಿಯೇ ರಕ್ತವನ್ನು ಸೇರುತ್ತದೆ. ರೋಗ ಮುಂದುವರಿದವರಲ್ಲಿ ರಂಜಕ ಹೊರಹೋಗದೆ ಉಳಿದು ಮೈತುರಿಕೆಯನ್ನು ತರುತ್ತದೆ, ಎಲುಬುಗಳನ್ನು ದುರ್ಬಲಗೊಳಿಸುತ್ತದೆ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುವಂತೆ ಮಾಡುತ್ತದೆ. ಸಂಸ್ಕರಿತ ಚೀಸ್, ಕೋಲಾ ಪಾನೀಯ, ಬೇಕಿಂಗ್ ಪೌಡರ್ ಹಾಕಿದ ಕೇಕುಗಳ ಮೂಲಕ ಇದು ಮಾಂಸವನ್ನೇ ಮುಟ್ಟದವರ ಮನೆಗೂ ಬರುತ್ತದೆ. ಪೊಟ್ಟಣದ ಮೇಲೆ ಸಣ್ಣ ಅಕ್ಷರಗಳಲ್ಲಿ 338ರಿಂದ 341ರ ವರೆಗಿನ, ಇಲ್ಲವೆ 450, 451, 452 ಎಂಬ ಸಂಖ್ಯೆಗಳಿದ್ದರೆ ಅದರಲ್ಲಿ ಫಾಸ್ಫೇಟ್ ಇದೆಯೆಂದು ತಿಳಿಯಬೇಕು. 250 ಎಂದಿದ್ದರೆ ಅದು ಸೋಡಿಯಂ ನೈಟ್ರೈಟ್.

ಬದಲಿ ಉಪ್ಪಿನ ಅಪಾಯ

ಉಪ್ಪನ್ನು ಕಡಿಮೆ ಮಾಡಬೇಕೆಂದ ಕೂಡಲೇ ಹಲವರು ಅಂಗಡಿಯಿಂದ ‘ಲೋ ಸೋಡಿಯಂ’ ಉಪ್ಪನ್ನು ತರುತ್ತಾರೆ. ಸದುದ್ದೇಶದಿಂದ ಆಗುವ ಅಪಾಯಗಳಲ್ಲಿ ಇದು ದೊಡ್ಡದು. ಇಂಥ ಉಪ್ಪಿನಲ್ಲಿ ಸೋಡಿಯಂನ ಒಂದು ಭಾಗವನ್ನು ತೆಗೆದು ಆ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿರುತ್ತಾರೆ. ಮೂತ್ರಪಿಂಡ ಸರಿಯಿರುವ ರಕ್ತದೊತ್ತಡದ ರೋಗಿಗೆ ಅದರಿಂದ ಒಳಿತಾಗಬಹುದು. ಮೂತ್ರಪಿಂಡ ಸೋತವರಲ್ಲಿಯಾದರೋ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ. ಮೇಲೆ ಹೇಳಿದ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಔಷಧಿಗಳೂ ಅದನ್ನು ಸ್ವಲ್ಪಮಟ್ಟಿಗೆ ಏರಿಸುವಂಥವು. ರಕ್ತದಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ 3.5ರಿಂದ 5ರ ವರೆಗೆ ಇರಬೇಕು. ಅದು ಮಿತಿ ಮೀರಿದರೆ ಹೃದಯದ ಬಡಿತ ತಪ್ಪುತ್ತದೆ, ಮುನ್ಸೂಚನೆಯಿಲ್ಲದೆ ನಿಂತುಹೋಗಲೂಬಹುದು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಬದಲಿ ಉಪ್ಪಿನ ಬಳಕೆಗೆ ಸಲಹೆ ನೀಡಿದಾಗ, ಮೂತ್ರಪಿಂಡದ ತೊಂದರೆಯುಳ್ಳವರನ್ನು ಆ ಸಲಹೆಯಿಂದ ಹೊರಗಿಟ್ಟಿತು.

ಸೈಂಧವ ಲವಣದ ಬಗೆಗೂ ಒಂದು ಮಾತು. ಅದು ಕಲ್ಲಿನಂತೆ ಸಿಕ್ಕರೂ, ಬಣ್ಣ ಗುಲಾಬಿಯಾಗಿದ್ದರೂ, ಬಹುತೇಕ ಸೋಡಿಯಂ ಕ್ಲೋರೈಡೇ. ಮೂತ್ರಪಿಂಡ ರೋಗಿಗೆ ಅದರಿಂದ ಯಾವ ರಿಯಾಯಿತಿಯೂ ಇಲ್ಲ.

ಎರಡು ಕಾಯಿಗಳು ಸರ್ವಥಾ ಬೇಡ

ಕರಾವಳಿ ಮಲೆನಾಡುಗಳಲ್ಲಿ ಕಮರಾಕ್ಷಿ ಅಥವಾ ದಾರೆಹುಳಿ ಎಂಬ ಐದು ಏಣಿನ ಕಾಯಿಯನ್ನೂ, ಬಿಂಬುಳಿಯನ್ನೂ ಉಪ್ಪಿನಕಾಯಿ ಹಾಕುತ್ತಾರೆ. ಇವುಗಳ ವಿಷಯದಲ್ಲಿ ಪ್ರಶ್ನೆ ಉಪ್ಪಿನದಷ್ಟೇ ಅಲ್ಲ. ಕಮರಾಕ್ಷಿಯಲ್ಲಿ ನರಗಳಿಗೆ ವಿಷವಾಗುವ ಒಂದು ವಸ್ತುವಿದೆ. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ರೋಗಿಗಳಲ್ಲಿ ಅದು ರಕ್ತದಲ್ಲಿ ಉಳಿದು ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರಗಳನ್ನು ತರುತ್ತದೆ, ಸಾವುಗಳೂ ಸಂಭವಿಸಿವೆ. ಬಿಂಬುಳಿಯಲ್ಲಿ ಆಕ್ಸಲೇಟ್ ಬಹಳ. ಅದರ ರಸವನ್ನು ಔಷಧಿಯೆಂದು ಕುಡಿದವರ ಮೂತ್ರಪಿಂಡ ಹಠಾತ್ತನೆ ಕೆಟ್ಟ ಪ್ರಸಂಗಗಳು ಕೇರಳದಿಂದ ವರದಿಯಾಗಿವೆ. ಮೂತ್ರಪಿಂಡ ರೋಗವುಳ್ಳವರು ಈ ಎರಡನ್ನು ಯಾವ ರೂಪದಲ್ಲಿಯೂ ಸೇವಿಸಬಾರದು.

ರುಚಿಯ ಬೇರೆ ದಾರಿಗಳು

ಇಷ್ಟೆಲ್ಲವನ್ನು ಓದಿದ ಮೇಲೆ ರೋಗಿಯ ಮನಸ್ಸಿಗೆ ಏನನಿಸುವುದೆಂದು ನಾವು ಬಲ್ಲೆವು. ಈ ರೋಗದಲ್ಲಿ ಬಾಯಿ ಮೊದಲೇ ಕೆಟ್ಟಿರುತ್ತದೆ. ರಕ್ತದಲ್ಲಿ ಕಲ್ಮಷ ಹೆಚ್ಚಿದಂತೆ ಬಾಯಲ್ಲಿ ಲೋಹದಂಥ ರುಚಿ ಬರುತ್ತದೆ, ಅನ್ನ ಸೇರುವುದಿಲ್ಲ. ಆಗ ಒಂದು ಹೋಳು ಉಪ್ಪಿನಕಾಯಿಯೇ ನಾಲ್ಕು ತುತ್ತು ಇಳಿಯಲು ಆಸರೆ. ಅದನ್ನೂ ಕಸಿದುಕೊಂಡು ಸಪ್ಪೆ ಊಟವನ್ನು ಮುಂದಿಟ್ಟರೆ ಉಣ್ಣುವುದೇ ಕಡಿಮೆಯಾಗಿ ದೇಹ ಕೃಶವಾಗುತ್ತದೆ. ಅದೂ ಅಪಾಯವೇ. ಆದ್ದರಿಂದ ಉಪ್ಪನ್ನು ತೆಗೆದ ಜಾಗದಲ್ಲಿ ರುಚಿಯನ್ನು ಇಡಬೇಕು.

ನಮ್ಮ ಅಡಿಗೆಯಲ್ಲಿ ಇದಕ್ಕೆ ಅನುಕೂಲಗಳಿವೆ. ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವ ರೂಢಿಯೇ ಇಲ್ಲ. ಮಜ್ಜಿಗೆಯನ್ನು ಉಪ್ಪಿಲ್ಲದೆ ಜೀರಿಗೆ, ಕರಿಬೇವು, ಶುಂಠಿ ಬೆರೆಸಿ ಕುಡಿಯಬಹುದು. ಬೆಳ್ಳುಳ್ಳಿ, ಇಂಗು, ಮೆಣಸು, ಕೊತ್ತಂಬರಿ, ಹುರಿದ ಎಳ್ಳು ಇವು ಉಪ್ಪಿನ ಕೊರತೆಯನ್ನು ಬಹಳಮಟ್ಟಿಗೆ ಮರೆಸುತ್ತವೆ. ಹುಳಿ ನಾಲಿಗೆಯನ್ನು ಎಚ್ಚರಿಸುತ್ತದೆ. ಬಡಿಸಿದ ಮೇಲೆ ಪಲ್ಯಕ್ಕೆ ನಿಂಬೆ ಹಿಂಡಿದರೆ ಅರ್ಧ ಉಪ್ಪಿನಲ್ಲಿಯೇ ರುಚಿ ಹತ್ತುತ್ತದೆ.

ಉಪ್ಪಿನಕಾಯಿ ಬೇಕೇಬೇಕೆನ್ನುವವರಿಗೆ ಆಗಿಂದಾಗ್ಗೆ ಮಾಡಿಕೊಳ್ಳುವ ಹಸಿ ಕೊಚ್ಚು ಉತ್ತಮ. ಅರ್ಧ ಮಾವಿನಕಾಯಿಯನ್ನೋ ಎಳೆ ಸೌತೆಯನ್ನೋ ಸಣ್ಣಗೆ ಹೆಚ್ಚಿ, ಖಾರದ ಪುಡಿ, ಹುರಿದ ಮೆಂತ್ಯ, ಸಾಸಿವೆ ಪುಡಿ ಬೆರೆಸಿ, ಎರಡು ಹನಿ ಎಣ್ಣೆಯ ಒಗ್ಗರಣೆ ಕೊಟ್ಟರೆ ಆಯಿತು. ಇದಕ್ಕೆ ಉಪ್ಪು ಬೇಡ, ಬೇಕೆನಿಸಿದರೆ ಒಂದು ಚಿಟಿಕೆ. ಕಾಯ್ದಿಡುವ ಉದ್ದೇಶವಿಲ್ಲದ ಕಾರಣ ಹೆಚ್ಚು ಉಪ್ಪಿನ ಅಗತ್ಯವೇ ಇಲ್ಲ. ಆದರೆ ಅದನ್ನು ಅಂದೇ ತಿಂದು ಮುಗಿಸಬೇಕು. ಭರಣಿಯ ಉಪ್ಪಿನಕಾಯಿಯನ್ನೇ ಉಪ್ಪು ಕಡಿಮೆ ಮಾಡಿ ವರ್ಷವಿಡೀ ಇಡುವ ಪ್ರಯತ್ನ ಬೇಡ, ಬೂಷ್ಟು ಹಿಡಿಯುತ್ತದೆ. ಹಳೆಯ ಹೋಳನ್ನು ತೊಳೆದು ತಿಂದರೆ ಮೇಲಿನ ಉಪ್ಪು ಹೋದೀತು, ಒಳಗಿಳಿದದ್ದು ಹೋಗದು.

ಕೊಳ್ಳುವ ಪೊಟ್ಟಣಗಳ ಮೇಲೆ ನೂರು ಗ್ರಾಮಿಗೆ ಎಷ್ಟು ಸೋಡಿಯಂ ಎಂದು ನಮೂದಿಸಿರುತ್ತಾರೆ. 120 ಮಿಲಿಗ್ರಾಮಿನೊಳಗಿದ್ದರೆ ಕಡಿಮೆ, 600ಕ್ಕಿಂತ ಮೇಲಿದ್ದರೆ ಹೆಚ್ಚು ಎಂದು ತಿಳಿಯಬಹುದು. ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಹಣ್ಣು, ತರಕಾರಿ, ಬೇಳೆಗಳನ್ನು ಮಾತ್ರ ಯಾರೋ ಹೇಳಿದರೆಂದು ಒಮ್ಮೆಲೇ ಬಿಡಬಾರದು. ಪೊಟ್ಯಾಸಿಯಂ, ಪ್ರೋಟೀನ್‌ಗಳ ಮಿತಿ ಎಲ್ಲರಿಗೂ ಒಂದೇ ಅಲ್ಲ; ಅದನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು. ಮೂತ್ರದಲ್ಲಿ ಉಪ್ಪು ಸೋರಿಹೋಗುವ ಕೆಲವು ಬಗೆಯ ರೋಗಗಳಲ್ಲಿಯೂ, ವಾಂತಿ ಭೇದಿಗಳಾದಾಗಲೂ ಉಪ್ಪಿನ ನಿಯಮ ಬದಲಾಗುತ್ತದೆ.

ಪಂಕ್ತಿಯಲ್ಲಿ, ಮನೆಯಲ್ಲಿ

ದಾಸೋಹದ ಪಂಕ್ತಿಯಲ್ಲಿಯೋ ಮದುವೆಯ ಊಟದಲ್ಲಿಯೋ ಬಡಿಸಿದ್ದನ್ನು ಬಿಡಬಾರದೆಂಬ ಭಾವನೆ ನಮ್ಮವರಲ್ಲಿ ಆಳವಾಗಿದೆ. ಅದು ಒಳ್ಳೆಯ ಸಂಸ್ಕಾರ. ಆ ಸಂಕೋಚದಿಂದಲೇ ಕೆಲವರು ತಟ್ಟೆಗೆ ಬಿದ್ದ ಉಪ್ಪು, ಉಪ್ಪಿನಕಾಯಿಗಳನ್ನು ತಿಂದು ಮುಗಿಸುತ್ತಾರೆ. ಬಡಿಸುವ ಮೊದಲೇ ಕೈಯಡ್ಡ ಹಿಡಿದು ಬೇಡವೆನ್ನುವುದರಲ್ಲಿ ಯಾವ ಅಗೌರವವೂ ಇಲ್ಲ. ಬಡಿಸುವವರು ಕೂಡ ಹಿರಿಯರಿಗೆ ಕೇಳಿ ಬಡಿಸುವುದನ್ನು ರೂಢಿಸಿಕೊಳ್ಳಬೇಕು.

ಮನೆಯವರಿಗೆ ನಮ್ಮದೊಂದು ವಿನಂತಿ. ರೋಗಿಯೊಬ್ಬರಿಗೆ ಮಾತ್ರ ಬೇರೆ ಅಡಿಗೆ ಮಾಡಿ, ಅವರೆದುರಿಗೇ ಹಪ್ಪಳ ಮುರಿದು ತಿನ್ನುವುದು ಅವರ ಮನಸ್ಸನ್ನು ನೋಯಿಸುತ್ತದೆ. ಕದ್ದು ತಿನ್ನುವ ಪ್ರಸಂಗಗಳು ಹುಟ್ಟುವುದು ಹೀಗೆಯೇ. ಎಲ್ಲರೂ ಅಡಿಗೆಯ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಅದಕ್ಕೇ ಒಗ್ಗಿಕೊಳ್ಳುತ್ತದೆ, ಮೊದಲಿನ ಊಟವೇ ಉಪ್ಪೆನಿಸತೊಡಗುತ್ತದೆ. ಮನೆಯ ಇತರರ ರಕ್ತದೊತ್ತಡಕ್ಕೂ ಅದು ಹಿತ. ರಕ್ತದೊತ್ತಡ, ಬಾವು ಎರಡೂ ಹತೋಟಿಯಲ್ಲಿರುವಾಗ, ವೈದ್ಯರು ಒಪ್ಪಿದರೆ, ವಾರಕ್ಕೊಮ್ಮೆ ಬೆರಳಿನುಗುರಿನಷ್ಟು ಹೋಳನ್ನು ಆ ದಿನದ ಲೆಕ್ಕಕ್ಕೆ ಸೇರಿಸಿ ಕೊಡುವುದರಿಂದ ಕೇಡಿಲ್ಲ. ಉಳಿದ ದಿನಗಳಲ್ಲಿ ಭರಣಿಯು ಊಟದ ಜಾಗದಲ್ಲಿರದೆ ಅಟ್ಟದ ಮೇಲಿರಲಿ.

ಸವೆದ ಮೂತ್ರಪಿಂಡವನ್ನು ಮರಳಿ ಹೊಸದು ಮಾಡುವ ಆಹಾರವಾವುದೂ ಇಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳುವುದು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮೂರು ದಿನಗಳ ಊಟವನ್ನು, ಉಪ್ಪಿನಕಾಯಿ ಹಪ್ಪಳಗಳನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿರಿ. ಆಸ್ಪತ್ರೆಯ ಪಟ್ಟಿಯಲ್ಲಿ ನಿಮ್ಮ ತಟ್ಟೆಯ ಹೆಸರುಗಳಿಲ್ಲದಿದ್ದರೆ ಅವುಗಳನ್ನು ನೀವೇ ಸೇರಿಸಬೇಕಾಗುತ್ತದೆ.